ಕಾರ್ಬೇಟ್ರಲ್ಲಿ ಕಚರ!

ನಮ್ಮ ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಾತಿಗೆ ಜನ ಸಿಗದೆ ಬೇಸರ ಬಂದರೆ ಅದಕ್ಕೊಂದು ಸುಲಭದ ಮದ್ದಿದೆ. ಹಳೇ ಕಾರೊಂದನ್ನು ರಸ್ತೆ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಒಳಗೆ ಬಗ್ಗಿ ನೋಡುತ್ತ ನಿಂತುಬಿಡಿ. ನಟ್ಟ ನಡು ಕಾಡಾದರೂ ಚಿಂತೆಯಿಲ್ಲ. ಐದು ನಿಮಿಷದೊಳಗೆ ಒಬ್ಬ ಬೈಕ್ ನಿಲ್ಲಿಸುತ್ತಾನೆ. ಹತ್ತು ನಿಮಿಷಕ್ಕೆ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಬರುವವರೊಬ್ಬರು ಹೊರೆ ಇಳಿಸಿ ಬೆವರು ಒರೆಸಿಕೊಳ್ಳುತ್ತಾರೆ. ಹದಿನೈದನೇ ನಿಮಿಷಕ್ಕೆ ಓಮ್ನಿಯೊಂದು ನಿಂತು, ಅದರ ಬಾಗಿಲು ಸರ್ರನೆ ಸರಿದು, ಒಳಗಿಂದ ಏಳು ಜನ ಇಳಿಯುತ್ತಾರೆ. ಅವರಲ್ಲಿ ಒಬ್ಬನಾದರೂ ನಿಮಗೆ ಭಾವನಾಗಿರುತ್ತಾನೆ. ಮೊದಲೇ ಆಗಿರದಿದ್ದರೆ ನಿಂತಲ್ಲೇ ನೆಂಟಸ್ತಿಕೆಯ ಲೆಕ್ಕ ಹಾಕಿ ಆಗುತ್ತಾನೆ. ಎಲ್ಲರೂ ಸರದಿಯಂತೆ ಬಗ್ಗಿ ನೋಡಿ, ಬಾಯಲ್ಲಿದ್ದ ಕವಳ ಉಗಿದು, ಕೊನೆಗೆ ಒಕ್ಕೊರಲಿನಿಂದ ಹೇಳುವುದು ಒಂದೇ ಮಾತು:

"ಕಾರ್ಬೇಟ್ರಲ್ಲಿ ಕಚರ ಸಿಕ್ಕಂಡಿದ್ದು!"

ಹೊಸ ಸೊಸೆ ಬಂದ ಮನೆಯಲ್ಲಿ ಹಾಲು ಒಡೆದರೂ, ಎಮ್ಮೆ ಒದ್ದರೂ ಸೊಸೆಯ ಕಾಲ್ಗುಣ. ಹಳೇ ಕಾರಿನಲ್ಲಿ ಏನೇ ಆದರೂ ಕಾರ್ಬೊರೇಟರಿನ ಗುಣ. ಬ್ಯಾಟರಿ ಸತ್ತರೂ ಕಾರ್ಬೇಟ್ರು, ಪಾಯಿಂಟ್ ಸುಟ್ಟರೂ ಕಾರ್ಬೇಟ್ರು. ಮುಷ್ಟಿ ಗಾತ್ರದ ಆ ಪ್ರಾಣಿಗೆ ಬಾಯಿ ಬರುತ್ತಿದ್ದರೆ ಮಾನನಷ್ಟದ ದಾವೆ ಹೂಡುತ್ತಿತ್ತು.

ನನ್ನ ಬಳಿ ಇರುವುದು ಅಡಿಕೆಗೆ ರೇಟು ಬಂದ ಒಂದು ವರ್ಷ ಅಪ್ಪಯ್ಯ ಕೊಂಡ ಪ್ರೀಮಿಯರ್ ಪದ್ಮಿನಿ. ಊರಲ್ಲಿ ಅದನ್ನು ಪದ್ಮಿನಿ ಎಂದವರಿಲ್ಲ, ಎಲ್ಲರಿಗೂ ಅದು ಫಿಯೆಟ್ಟೇ. 1089 ಸಿಸಿ, ನಾಲ್ಕು ಸಿಲಿಂಡರ್, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ. ಅದರ ಓರಗೆಯವರೆಲ್ಲ ಒಬ್ಬೊಬ್ಬರಾಗಿ ಹೋದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಊರ ಹುಡುಗರ ಕಣ್ಣು ಕುಕ್ಕಿತು. 2000ದ ಹೊತ್ತಿಗೆ ಹೊಗೆಯ ಕಾಯಿದೆ ಬಿಗಿಯಾಗಿ ಆ ಮಾರುತಿಯೂ ಕಾರ್ಬೊರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಹೋಯಿತು. ಅಂಬಾಸಿಡರ್ 2014ರಲ್ಲಿ ಕಣ್ಣು ಮುಚ್ಚಿತು. ನನ್ನ ಫಿಯೆಟ್ ಮಾತ್ರ ಮಳೆಗಾಲ ನಾಲ್ಕು ತಿಂಗಳು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ದನಗಳ ಜೊತೆ ಮಲಗಿ, ದೀಪಾವಳಿ ಕಳೆದ ಮೇಲೆ ಎದ್ದು ಮೈ ಕೊಡವಿಕೊಳ್ಳುತ್ತದೆ. "ಮಾರಿಬಿಡು ಅಪ್ಪಯ್ಯ" ಎಂದು ಬೆಂಗಳೂರಿನ ಮಗ ಪ್ರತಿ ಸಲ ಹೇಳುತ್ತಾನೆ. ಅವನ ಕಾರು ಕೆಟ್ಟರೆ ಸ್ಕ್ಯಾನರ್ ಚುಚ್ಚಿ ನೋಡುತ್ತಾರಂತೆ, ಅದು ಒಂದು ನಂಬರ್ ಹೇಳುತ್ತದಂತೆ. ನಂಬರ್ ಹೇಳುವ ಕಾರಿನ ಸುತ್ತ ಏಳು ಜನ ನಿಂತು ಕವಳ ಹಾಕಲು ಆಗುತ್ತದೆಯೇ?

ಅಂದ ಹಾಗೆ ಈ ಕಾರ್ಬೊರೇಟರ್ ಮಾಡುವುದಾದರೂ ಏನು? ಅಡಿಕೆಗೆ ಕೊಳೆ ಔಷಧಿ ಹೊಡೆಸಿದವರಿಗೆ ಆ ಪಾಠ ಬೇಕಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು; ಇದು ಬೋರ್ಡೋ ದ್ರಾವಣ. ಹದ ತಪ್ಪಿದರೆ ಕೊಳೆ ನಿಲ್ಲದು, ಇಲ್ಲವೇ ಸಿಂಗಾರ ಸುಟ್ಟೀತು. ಹಾಗೆಯೇ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹೆಚ್ಚುಕಡಿಮೆ 14.7 ಪಾಲು ಗಾಳಿ. ಇದು ಎಂಜಿನ್ನಿನ ಬೋರ್ಡೋ. ಗಾಳಿ ಒಂದು ಕಿರಿದಾದ ಕುತ್ತಿಗೆಯಲ್ಲಿ ನುಗ್ಗುವಾಗ ಅದರ ವೇಗ ಏರಿ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ಟಿನ ತೂತಿನಿಂದ ತಾನಾಗಿ ಮೇಲೆದ್ದು ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಬಟ್ಟಲು ತುಂಬಿದರೆ ಮುಚ್ಚಲು, ಇಳಿದರೆ ತೆರೆಯಲು ಒಂದು ಫ್ಲೋಟು, ಒಂದು ನೀಡಲ್. ನಮ್ಮ ನೀರಿನ ಟ್ಯಾಂಕಿನ ಚೆಂಡಿನ ನಲ್ಲಿಯ ಹಾಗೆ. ಜೆಟ್ಟೆಂದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಕೈಯ ನಾಜಲ್ಲು. ಸೋಲೆಕ್ಸ್ ಕಾರ್ಬೊರೇಟರಿನ ಜೆಟ್ಟಿನ ಮೇಲೆ 120 ಎಂದು ಕೊರೆದಿದ್ದರೆ ಅದರ ತೂತು 1.20 ಮಿಲಿಮೀಟರ್. ಇಷ್ಟು ಸಣ್ಣ ತೂತನ್ನು ತಂತಿ ತುರುಕಿ ಚೊಕ್ಕ ಮಾಡುವ ಶೂರರಿದ್ದಾರೆ. ಹಿತ್ತಾಳೆ ಮೆದು, ತೂತು ಕೂದಲೆಳೆಯಷ್ಟು ಹಿಗ್ಗಿದರೂ ಆಮೇಲೆ ಕಾರು ಕುಡುಕನಾಗುತ್ತದೆ. ಊದಿ ತೆಗೆಯಬೇಕು, ತೀರಾ ಹಟ ಮಾಡಿದರೆ ಹಿಡಿಕಡ್ಡಿಯ ತುದಿ ಸಾಕು.

ಹದ ಸರಿಯಿದೆಯೋ ಇಲ್ಲವೋ ತಿಳಿಯಲು ಪ್ಲಗ್ ಬಿಚ್ಚಿ ನೋಡುವುದು. ಇದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ, ಜನ್ಮವಿಡೀ ಮಾಡಿದ್ದು ಅಡಿಕೆಯ ಬಣ್ಣ ನೋಡುವ ಕೆಲಸವೇ ಅಲ್ಲವೇ? ಪ್ಲಗ್ಗಿನ ಮೂತಿ ಬೆಳ್ಳಗೆ ಚಾಲಿಯಂತಿದ್ದರೆ ಪೆಟ್ರೋಲು ಕಡಿಮೆ, ಗಾಳಿ ಜಾಸ್ತಿ. ಮಸಿ ಹಿಡಿದು ಕೋಕಾದಂತಿದ್ದರೆ ಪೆಟ್ರೋಲು ಜಾಸ್ತಿ. ಚೊಗರು ಕುಡಿದ ರಾಶಿ ಅಡಿಕೆಯ ಬಣ್ಣವಿದ್ದರೆ ಎಂಜಿನ್ನು ಆರೋಗ್ಯ. ವ್ಯಾಪಾರಿಯ ಮುಂದೆ ಕೋಕಾವನ್ನೇ ರಾಶಿ ಎಂದು ವಾದಿಸುವ ಭಾವ ಕೂಡ ಪ್ಲಗ್ಗಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ಭಾವನ ಮಾತು ಬಂತಲ್ಲ, ಕತೆಗೆ ಬರುತ್ತೇನೆ.

ಮಳೆ ಮುಗಿದು ಫಿಯೆಟ್ ಎದ್ದ ಮೊದಲ ವಾರ. ಯಲ್ಲಾಪುರದಾಚೆ ನೆಂಟರ ಮನೆಯಲ್ಲಿ ಉಪನಯನ. ಸಿದ್ದಾಪುರದ ನಮ್ಮ ಮನೆಯಿಂದ ಬೆಳಗಿನ ಆಸರಿ ಮುಗಿಸಿ ಹೊರಟೆವು. ಮುಂದೆ ನಾನು, ಪಕ್ಕದಲ್ಲಿ ಹೆಂಡತಿಯ ಅಣ್ಣ, ಅಂದರೆ ಮೇಲೆ ಹೇಳಿದ ಭಾವ. ಹಿಂದಿನ ಸೀಟಿನಲ್ಲಿ ಹೆಂಡತಿ. ಮಡಿಲಲ್ಲಿ ಬಾಳೆಎಲೆಯ ಮೇಲೆ ಅಬ್ಬಲಿಗೆ ಹೂವಿನ ರಾಶಿ, ಕೈಯಲ್ಲಿ ಬಾಳೆನಾರು. ದಾರಿಯುದ್ದಕ್ಕೂ ದಂಡೆ ಕಟ್ಟುತ್ತ ಬರುವುದು ಅವಳ ಪದ್ಧತಿ.

ಕಾನಸೂರು ಬರುವ ಹೊತ್ತಿಗೆ ಕಾರು ಒಮ್ಮೆ ಜಗ್ಗಿತು, ಇನ್ನೊಮ್ಮೆ ಮುಗ್ಗರಿಸಿತು, ನಿಂತಿತು. ಸೆಲ್ಫ್ ಹೊಡೆದರೆ ಗರ್ರ್ ಎನ್ನುತ್ತದೆ, ಹತ್ತುವುದಿಲ್ಲ.

"ಕಾರ್ಬೇಟ್ರಲ್ಲಿ ಕಚರ," ಎಂದ ಭಾವ. ಇಳಿಯುವ ಮೊದಲೇ.

ಬೈಕಿನವನು ಬಂದ. ಅವನ ಅಭಿಪ್ರಾಯದಲ್ಲಿ ನೀಡಲ್ ಅಂಟಿದೆ. ನಾಲ್ಕು ತಿಂಗಳು ನಿಂತ ಕಾರಿನಲ್ಲಿ ಪೆಟ್ರೋಲು ಆರಿ, ಜೋನಿಬೆಲ್ಲ ತಳ ಹಿಡಿದ ಹಾಗೆ ಅಂಟಾಗುತ್ತದೆ. ನೀಡಲ್ ಮುಚ್ಚಿದಲ್ಲೇ ಅಂಟಿದರೆ ಬಟ್ಟಲಿಗೆ ಪೆಟ್ರೋಲಿಲ್ಲ, ತೆರೆದಲ್ಲೇ ಅಂಟಿದರೆ ಉಕ್ಕಿ ಹರಿಯುತ್ತದೆ. ಅವನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಟ್ಟಲಿಗೆ ಟಕ್ ಟಕ್ ಎಂದು ಹೊಡೆದ. ಹಳ್ಳಿ ವೈದ್ಯದಲ್ಲಿ ಇದೂ ಒಂದು ಒಳ್ಳೆಯ ಮದ್ದೇ. ಮಾತಿನಲ್ಲಿ ಅರ್ಧ ಗಂಟೆ ಕಳೆದಿತ್ತು. ಸೆಲ್ಫ್ ಹೊಡೆದರೆ ಕಾರು ಹೂವೆತ್ತಿದ ಹಾಗೆ ಹೊರಟಿತು. ಬೈಕಿನವನು ಡಾಕ್ಟರರ ಗತ್ತಿನಲ್ಲಿ ಕೈ ಎತ್ತಿದ.

ಸಿರಸಿ ದಾಟಬೇಕು, ಅಷ್ಟರಲ್ಲಿ ಮತ್ತೆ ಅದೇ ಜಗ್ಗು, ಅದೇ ಮುಗ್ಗರಿಕೆ. ಯಲ್ಲಾಪುರ ನಾಕಾದ ಹತ್ತಿರ ನಿಂತಿತು. ಪಕ್ಕದಲ್ಲೇ ಪರಿಚಯದ ಮೇಸ್ತ್ರಿ. "ಆನು ಮೊದ್ಲೇ ಹೇಳಿದ್ನಿಲ್ಯಾ, ಕಾರ್ಬೇಟ್ರು ಬಿಚ್ಚಿಸು ಹೇಳಿ," ಎಂದು ಭಾವ ಎದೆ ಸೆಟೆಸಿದ. ಮೇಸ್ತ್ರಿ ಬಿಚ್ಚಿದ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿ ಅಲ್ಲಾಡಿಸುವಂತೆ ಅಲ್ಲಾಡಿಸಿದ. ಒಳಗೆ ಗುಳುಗುಳು ಎಂದರೆ ತೂತು ಬಿದ್ದು ಪೆಟ್ರೋಲು ತುಂಬಿದೆ ಎಂದರ್ಥ. ಸದ್ದಿಲ್ಲ. ಜೆಟ್ಟುಗಳನ್ನು ಆಕಾಶಕ್ಕೆ ಹಿಡಿದು ಒಂದೇ ಕಣ್ಣಿನಲ್ಲಿ ನೋಡಿದ, ಊದಿದ. ಬಟ್ಟಲಿನ ತಳದಲ್ಲಿ ಸಾಸಿವೆ ಕಾಳಿನ ಕಾಲು ಭಾಗದಷ್ಟು ಕಸ ಸಿಕ್ಕಿತು. ಭಾವ ಅದನ್ನು ಉಗುರಿನ ಮೇಲೆ ಇಟ್ಟುಕೊಂಡು ನಾಕಾದಲ್ಲಿದ್ದ ಸಕಲರಿಗೂ ದರ್ಶನ ಮಾಡಿಸಿದ. ಮುಕ್ಕಾಲು ಗಂಟೆಯ ನಂತರ ಕಾರು ಹೊರಟಿತು. ಭಾವ ಸೋಂದಾ ಕ್ರಾಸಿನವರೆಗೂ ಆ ಕಸದ ಗುಣಗಾನವನ್ನೇ ಮಾಡಿದ.

ಸೋಂದಾ ಕ್ರಾಸಿನವರೆಗೆ ಮಾತ್ರ, ಏಕೆಂದರೆ ಅಲ್ಲಿ ಕಾರು ಮತ್ತೆ ನಿಂತಿತು.

ಈ ಸಲ ಸಿಕ್ಕಿದವರು ಟ್ಯಾಕ್ಸಿ ಅಂಬಾಸಿಡರ್ ಓಡಿಸಿ ತಲೆ ನರೆತ ಒಬ್ಬ ಹಿರಿಯರು. ಅವರು ಬಾನೆಟ್ಟಿನೊಳಗೆ ಕೈ ಕೂಡ ಹಾಕಲಿಲ್ಲ. "ಪಂಪು ಕಾದಿದೆ. ಪೆಟ್ರೋಲು ಒಳಗೇ ಕುದಿತಾ ಇದೆ. ಒದ್ದೆ ಬಟ್ಟೆ ತನ್ನಿ," ಎಂದರು. ಏಪ್ರಿಲ್ ಬಿಸಿಲಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಹತ್ತುವಾಗ ಎರಡನೇ ಗೇರಿನಲ್ಲಿ ಎಂಜಿನ್ನು ಕೆಂಡವಾಗಿ, ತಂಪಿಗೆ ಸಾಕಷ್ಟು ಗಾಳಿ ಸಿಗದೆ ಇದೇ ಆಗುತ್ತಿತ್ತು ಎಂದರು. ಅವರ ಮಾತಲ್ಲಿ ಹುಸಿಯಿಲ್ಲ. ಪೆಟ್ರೋಲಿನ ಹಗುರ ಭಾಗ 35-40 ಡಿಗ್ರಿಗೇ ಆವಿಯಾಗತೊಡಗುತ್ತದೆ; ಎಂಜಿನ್ನಿಗೆ ಅಂಟಿಕೊಂಡ ಪಂಪು ದ್ರವವನ್ನು ತಳ್ಳೀತು, ಆವಿಯನ್ನು ತಳ್ಳಲಾರದು. ತಣ್ಣೀರ ಬಟ್ಟೆ ಸುತ್ತಿದರೆ ಆವಿ ಮತ್ತೆ ಪೆಟ್ರೋಲಾಗುತ್ತದೆ. ಘಟ್ಟದ ಡ್ರೈವರುಗಳ ಎಷ್ಟೋ ಪಂಚೆಗಳು ಹೀಗೆ ಪಂಪಿಗೆ ಬಲಿಯಾಗಿವೆ. ಆ ದಿನ ಉಪನಯನಕ್ಕೆಂದು ಇಸ್ತ್ರಿ ಮಾಡಿಸಿ ಇಟ್ಟಿದ್ದ ನನ್ನ ಶಲ್ಯ ಆ ಸಾಲಿಗೆ ಸೇರಿತು. ಆದರೆ ಅದು ನವೆಂಬರ್, ರಸ್ತೆ ಸಪಾಟು, ಮೈಗೆ ಚಳಿ ಚಳಿ. ಆ ವಿಷಯ ಯಾರೂ ಎತ್ತಲಿಲ್ಲ. ಯಾಕೆಂದರೆ ಅರ್ಧ ಗಂಟೆಯ ಮೇಲೆ ಕಾರು ಹೊರಟಿತ್ತು.

ಮಂಚಿಕೇರಿಯಲ್ಲಿ ನಾಲ್ಕನೇ ಅಂಕ. ನಾಟಕಕ್ಕೆ ಹೆಸರಾದ ಊರು, ಪ್ರೇಕ್ಷಕರಿಗೆ ಬರವಿಲ್ಲ. ಇಲ್ಲಿನ ವಿದ್ವಾಂಸರು ಪೆಟ್ರೋಲನ್ನೇ ಹಿಡಿದರು. ಒಬ್ಬರು ಬಾಟಲಿಗೆ ಸ್ವಲ್ಪ ಪೆಟ್ರೋಲು ಬಿಟ್ಟು ನಿಲ್ಲಿಸಿದರು. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ, ಪೆಟ್ರೋಲು ನೀರಿಗಿಂತ ಹಗುರ. ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೂ ಬೆವರೊಡೆದು ನೀರಾಗುವುದುಂಟು. ಇನ್ನೊಬ್ಬರು ರೇಶನ್ನಿನ ನೀಲಿ ಚಿಮಣಿ ಎಣ್ಣೆ ಬೆರೆಸುತ್ತಿದ್ದ ಕಾಲದ ಕತೆ ತೆಗೆದರು. ಮೂರನೆಯವರು ಪೇಪರ್ ಓದುವವರು. "ಈಗಿನ ಪೆಟ್ರೋಲೇ ಪೆಟ್ರೋಲಲ್ಲ ಮಾರಾಯ್ರೇ, ಐದರಲ್ಲಿ ಒಂದು ಪಾಲು ಕಬ್ಬಿನ ಹಾಲು," ಎಂದರು. ಹಾಲಲ್ಲ, ಎಥೆನಾಲು, ಆದರೆ ಲೆಕ್ಕ ಸರಿ. ನೂರಕ್ಕೆ 20 ಪಾಲು ಎಥೆನಾಲಿನ ಆ ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟದ್ದು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಸುವು ಕಡಿಮೆ. ಅದಕ್ಕೆ ಬೇಕಾದ ಗಾಳಿಯೂ ಕಡಿಮೆ, ಒಂದಕ್ಕೆ ಒಂಬತ್ತು. ಹೊಸ ಕಾರಿನ ಕಂಪ್ಯೂಟರ್ ತಾನೇ ಹದ ಬದಲಿಸಿಕೊಳ್ಳುತ್ತದೆ. ಹಳೇ ಜೆಟ್ಟಿಗೆ ಅಷ್ಟು ಬುದ್ಧಿಯಿಲ್ಲ, ಮಿಶ್ರಣ ಬಡವಾಗಿ ಪ್ಲಗ್ಗು ಚಾಲಿಯ ಕಡೆ ವಾಲುತ್ತದೆ. ಎಥೆನಾಲು ನೀರನ್ನು ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದ ಹಳೇ ಅಂಟನ್ನು ಎಬ್ಬಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಹಳೇ ಕಾರಿನವರು ರಬ್ಬರ್ ಪೈಪು ಬದಲಿಸಿ, ಫಿಲ್ಟರ್ ಆಗಾಗ ನೋಡಿ, ಪೆಟ್ರೋಲನ್ನು ತಿಂಗಳುಗಟ್ಟಲೆ ಕೊಳೆಹಾಕದೆ ಇದ್ದರೆ ಒಳ್ಳೆಯದು. ಇದೆಲ್ಲ ನಿಜ. ಆದರೆ ಬಾಟಲಿಯಲ್ಲಿ ನೀರಿರಲಿಲ್ಲ.

ಭಾವ ಮತ್ತೆ ಸ್ಪ್ಯಾನರ್ ಕೈಗೆತ್ತಿಕೊಂಡ. ಆಗ ಹಿಂದಿನ ಸೀಟಿನಿಂದ ದನಿ ಬಂತು.

"ಟ್ಯಾಂಕಿನ ಮುಚ್ಲ ಒಂದ್ಸಲ ತೆಗದು ನೋಡಿ."

"ಪೆಟ್ರೋಲು ಇದ್ದು ತಂಗಿ, ಆಗಳೇ ಮುಳ್ಳು ನೋಡಿದ್ದಿ," ಎಂದ ಭಾವ.

"ಪೆಟ್ರೋಲು ನೋಡಲೆ ಅಲ್ಲ." ಅವಳು ದಂಡೆಯನ್ನು ಎತ್ತಿ ಹಿಡಿದಳು. ನಾರಿನಲ್ಲಿ ಅಲ್ಲಲ್ಲಿ ಒಂದು ಗಂಟು. "ಕಾರು ನಿಂತಾಗೆಲ್ಲ ಒಂದು ಗಂಟು ಹಾಕಿದ್ದಿ. ಒಂದು ಗಂಟಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ, ಒಂದೂವರೆ ಮೊಳ. ಕಚರ ಆಗಿದ್ರೆ ಮೊಳ ಹಾಕಿ ಅಳತೆ ಮಾಡಿ ಸಿಕ್ಕಬೀಳ್ತಿತ್ತಾ?"

ಏಳೆಂಟು ಗಂಡಸರು ಸುಮ್ಮನಾದರು. ಅವಳೇ ಇಳಿದು ಹಿಂದೆ ಹೋಗಿ ಮುಚ್ಚಳ ತಿರುಗಿಸಿದಳು. ಸುಯ್ಯ್ ಎಂದು ದೀರ್ಘವಾಗಿ ಗಾಳಿ ಒಳಗೆ ಹೋಯಿತು, ಬಹಳ ಹೊತ್ತು ಉಸಿರು ಕಟ್ಟಿದ್ದವರು ಎಳೆದುಕೊಂಡ ಉಸಿರಿನ ಹಾಗೆ. ನಾನು ಸೆಲ್ಫ್ ಹೊಡೆದೆ. ಪೈಪಿಗೆ ಪೆಟ್ರೋಲು ಬರುವಷ್ಟು ಹೊತ್ತು ಗರ್ರ್ ಎಂದು, ಕಾರು ಹತ್ತಿತು.

ಟ್ಯಾಂಕಿಗೂ ಉಸಿರಾಟವಿದೆ. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಅದಕ್ಕೊಂದು ಸಣ್ಣ ಕೊಳವೆ. ಬಗ್ಗಿ ನೋಡಿದರೆ ಅದರ ಬಾಯಿಗೆ ಕೆಂಪು ಮಣ್ಣು ಮೆತ್ತಿದೆ. ಗೋಡೆಯಲ್ಲಿ, ಕಿಟಕಿಯ ಸಂದಿಯಲ್ಲಿ, ಬಾಗಿಲ ಚಿಲಕದ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಡಜ, ಕೊಟ್ಟಿಗೆಯಲ್ಲಿ ಮಲಗಿದ್ದ ಕಾರಿನ ಮೂಗಿನಲ್ಲಿ ಸಂಸಾರ ಹೂಡಿತ್ತು. ಕೊಳವೆ ಕಟ್ಟಿದ ಟ್ಯಾಂಕಿನಲ್ಲಿ ಪೆಟ್ರೋಲು ಇಳಿದಂತೆಲ್ಲ ಒಳಗಿನ ಒತ್ತಡ ಇಳಿಯುತ್ತದೆ; ಕೊನೆಗೆ ಪಂಪು ಎಳೆದರೂ ಬಾರದು. ಅರ್ಧ ಗಂಟೆ ನಿಂತರೆ ಮಣ್ಣಿನ ಬಿರುಕಿನಿಂದ ಗಾಳಿ ನುಸುಳಿ ಮತ್ತೆ ಸರಿಯಾಗುತ್ತದೆ. ಅಂದರೆ ಆ ದಿನ ಕಾರನ್ನು ಗುಣ ಮಾಡಿದ್ದು ಟಕ್ ಟಕ್ ಅಲ್ಲ, ಊದಿದ್ದಲ್ಲ, ನನ್ನ ಶಲ್ಯವೂ ಅಲ್ಲ. ಅಷ್ಟು ಜನ ಮಾತಾಡಲು ತೆಗೆದುಕೊಂಡ ಸಮಯ! ಮದ್ದುಗಳೆಲ್ಲ ಸರಿಯಾಗಿದ್ದವು, ರೋಗಿ ಬೇರೆ.

ಅವಳು ಮುಡಿಯಿಂದ ಪಿನ್ನು ತೆಗೆದು ಆ ಮಣ್ಣನ್ನು ಕೆರೆದಳು. ಈ ಚಿತ್ರಕ್ಕೆ ಹಿಂದೊಂದು ಮೇಲ್ಪಂಕ್ತಿಯಿದೆ ಎಂದು ಆಮೇಲೆ ತಿಳಿಯಿತು. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಎಂಬ ಮಹಾತಾಯಿ ಗಂಡ ಕಾರ್ಲ್ ಬೆಂಜ್ ಮಾಡಿದ ಮೂರು ಗಾಲಿಯ ಮೋಟಾರನ್ನು ಗಂಡನಿಗೆ ಹೇಳದೆ ಹೊರಡಿಸಿ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ನೂರು ಕಿಲೋಮೀಟರ್ ಮೀರಿದ ದಾರಿ ಹೋದಳು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣ ಅದು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿತು. ಟೊಪ್ಪಿಗೆಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಇಂಧನ ತೀರಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು, ಪೆಟ್ರೋಲ್ ಪಂಪು ಆಗಿನ್ನೂ ಹುಟ್ಟಿರಲಿಲ್ಲ. ಗಂಡ ಮನೆಯಲ್ಲಿ ಮಲಗಿದ್ದದ್ದು ಅವಳ ಪುಣ್ಯ. ಜೊತೆಗಿದ್ದಿದ್ದರೆ ಮೊದಲು ಕಾರ್ಬೊರೇಟರ್ ಬಿಚ್ಚುತ್ತಿದ್ದ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಮ್ಮ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಬಚ್ಚಲಿಗೆ ನೀರು ಬರುವುದು ನಿಂತರೆ ನಾನು ನಲ್ಲಿ ಬಿಚ್ಚುತ್ತೇನೆಯೇ? ಕತ್ತಿ ಹಿಡಿದು ಗುಡ್ಡ ಹತ್ತುತ್ತೇನೆ. ಬಾಯಿಗೆ ಎಲೆ ಕೂತಿದೆಯೋ, ಮಂಗ ಜಾಯಿಂಟು ಕಿತ್ತಿದೆಯೋ, ನಡುವೆ ಗಾಳಿ ಹಿಡಿದಿದೆಯೋ ಎಂದು ಮೂಲದಿಂದ ನೋಡುತ್ತ ಬರುತ್ತೇನೆ. ನಲವತ್ತು ವರ್ಷ ಆ ಪೈಪಿನ ಹಿಂದೆ ಅಲೆದವನು ಕಾರಿನ ಎರಡು ಮಾರು ಪೈಪಿನ ಮುಂದೆ ಬುದ್ಧಿ ಕಳೆದುಕೊಂಡೆ. ಅಲ್ಲಿ ಗುಡ್ಡ ಹತ್ತಿದ ಕಾಲು ಇಲ್ಲಿ ನಲ್ಲಿಯ ಹತ್ತಿರವೇ ಕೂತಿತು.

ಆದ್ದರಿಂದ ಹಳೇ ಕಾರಿನ ಬಂಧುಗಳೇ, ಕಾರು ನಿಂತರೆ ಮೊದಲು ಮೂಗು. ಪೆಟ್ರೋಲಿನ ವಾಸನೆ ಗಮ್ಮೆನ್ನುತ್ತಿದ್ದರೆ ಅದು ಉಕ್ಕಿದೆ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲು ಬರುತ್ತಿಲ್ಲ, ಗುಡ್ಡ ಹತ್ತಿ. ಟ್ಯಾಂಕಿನ ಮುಚ್ಚಳ, ಉಸಿರಿನ ಕೊಳವೆ, ರಬ್ಬರ್ ಪೈಪು, ಫಿಲ್ಟರು, ಪಂಪು, ಆಮೇಲೆ ಬಟ್ಟಲು, ಕಟ್ಟಕಡೆಗೆ ಜೆಟ್ಟು. ಪೈಪು ಕಳಚಿ ನೋಡುವಾಗ ಬೀಡಿಯವರನ್ನು ಹತ್ತು ಮಾರು ದೂರ ನಿಲ್ಲಿಸಿ, ಬಾಯಲ್ಲಿ ಪೆಟ್ರೋಲು ಎಳೆಯುವ ಸಾಹಸ ಬೇಡ. ಮಳೆಗಾಲಕ್ಕೆ ಕಾರು ಮಲಗಿಸುವವರು ಕೊಳವೆಯ ಬಾಯಿಗೆ ತೆಳು ಜಾಳಿಗೆಯೊಂದನ್ನು ಕಟ್ಟಿ. ಗಾಳಿ ಆಡಲಿ, ಕಡಜ ಆಡದಿರಲಿ. ನಾನು ಹಳೇ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ. ಕಡಜ ಈಗ ಡಿಕ್ಕಿಯ ಬೀಗದ ತೂತಿಗೆ ಬಿಡಾರ ಬದಲಿಸಿದೆ.

ಡಿಕ್ಕಿಯ ಬಾಗಿಲು ತೆರೆಯುತ್ತಿಲ್ಲ ಎಂದು ಮೊನ್ನೆ ಭಾವನಿಗೆ ಹೇಳಿದೆ. ಅವನು ಒಂದು ಸುತ್ತು ಬಂದು, ಕವಳ ಉಗಿದು, ಬಾನೆಟ್ ಎತ್ತಿದ.